ಅರಬಾಬರ ಪರವಾಗಿ ಒಂದು ಜ್ವಾಲಾಮುಖಿ

ನನ್ನ ಸೋದರಮಾವನಿಗೆ ಸ್ವಂತದ್ದು ಅಂತ ಒಂದು ಕಾಯಿಲೆಯೂ ಇಲ್ಲ. ಇರುವುದೆಲ್ಲ ಎರವಲು!

ಒಮಾನಿನ ಸಹಮ್ ಊರಿನಲ್ಲಿ ಮಾವ ನಡೆಸುವ ಹೊಲಿಗೆ ಅಂಗಡಿ ಇರುವುದು ಒಬ್ಬ ವೃದ್ಧ ಒಮಾನಿಯ ಹೆಸರಿನಲ್ಲಿ. ಕಾಗದದಲ್ಲಿ ಅವರು ಕಫೀಲ್, ಮಾವನ ವೀಸಾಕ್ಕೆ ಹೊಣೆಗಾರರು. ಮಾವನ ಬಾಯಲ್ಲಿ ಅರಬಾಬ್, ಅಂದರೆ ಯಜಮಾನರು. ಅರಬಾಬರಿಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದ ದಿನವೇ ಮಾವ ಹಲ್ವಾ ಬಿಟ್ಟರು. ರಂಜಾನಿನಲ್ಲಿ ಅವರಿಗೆ ಉಪವಾಸವಾದರೆ ಇವರಿಗೂ ಉಪವಾಸ. ಸಂಜೆ ಅವರ ಜೊತೆ ಖರ್ಜೂರ ತಿಂದು, ಮನೆಗೆ ಬಂದು ದೇವರಿಗೆ ದೀಪ ಹಚ್ಚುತ್ತಾರೆ. ಇಷ್ಟನ್ನು ಸ್ನೇಹ ಎನ್ನಬಹುದು. ಆದರೆ ಅರಬಾಬರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮರುವಾರದಿಂದ ಮಾವ ಕುಂಟತೊಡಗಿದ್ದಕ್ಕೆ ಏನೆನ್ನಬೇಕು? ಅದೂ ಅದೇ ಎಡಗಾಲು!

ಎಕ್ಸ್‌ರೇ ತೆಗೆಸಿದೆವು. ಮೂಳೆಯಲ್ಲಿ ಯಾವ ದೋಷವೂ ಇರಲಿಲ್ಲ.

"ಅವರ ಪಕ್ಕದಲ್ಲಿ ನಾನು ನೆಟ್ಟಗೆ ನಡೆದರೆ ಚಂದ ಕಾಣುವುದಿಲ್ಲ ಮಾರಾಯ," ಎಂದರು ಮಾವ.

ಇಂಥವರು ಒಂದು ದಿನ ಆಫ್ರಿಕಾಕ್ಕೆ ಹೋಗಿ ಜ್ವಾಲಾಮುಖಿ ಹತ್ತುತ್ತೇನೆ ಎಂದರು. ಕಾರಣ ಮತ್ತೆ ಅರಬಾಬರೇ. ಅವರು ಹುಟ್ಟಿದ್ದು ಕೀನ್ಯಾದಲ್ಲಿ, ಲೋಂಗೊನಾಟ್ ಎಂಬ ಬೆಟ್ಟದ ಸೀಮೆಯಲ್ಲಿ. ತಂದೆಯ ಅಂಗಡಿಯ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಬೆಟ್ಟ. ಅದರ ನೆತ್ತಿಯ ಕುಳಿಯೊಳಗೆ ಒಂದು ಕಾಡಿದೆ, ಸ್ವಲ್ಪ ದೊಡ್ಡವನಾಗು, ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ತಂದೆ ಹೇಳುತ್ತಿದ್ದರಂತೆ. ಹುಡುಗ ದೊಡ್ಡವನಾಗುವ ಮೊದಲೇ ಸಂಸಾರ ಒಮಾನಿಗೆ ಮರಳಿತು. ಈಗ ವಯಸ್ಸಾದ ಮೇಲೆ ಅರಬಾಬರಿಗೆ ಒಂದೇ ಹಂಬಲ, ಆ ಕುಳಿಯೊಳಗೆ ಒಮ್ಮೆ ಇಣುಕಬೇಕು. ಹೃದಯದ ವೈದ್ಯರು ಬೆಟ್ಟವಿರಲಿ, ವಿಮಾನವೂ ಕೂಡದು ಎಂದರು. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ದಿನಾ ಮಾತಾಡುತ್ತಿದ್ದವರು ಅಂದಿನಿಂದ ಮಾತು ಕಡಿಮೆ ಮಾಡಿದರು. ಮಾವನಿಗೆ ಅದನ್ನು ನೋಡಲಾಗಲಿಲ್ಲ.

"ಮೊದಲನೇ ಮಾಳಿಗೆಗೆ ಲಿಫ್ಟ್ ಬೇಕು ನಿಮಗೆ. ನೀವು ಬೆಂಕಿಗುಡ್ಡ ಹತ್ತುವುದಾ?" ಎಂದರು ಅತ್ತೆ.

"ಅದರಲ್ಲಿ ಈಗ ಬೆಂಕಿ ಇಲ್ಲ. ನಿದ್ದೆ ಮಾಡುತ್ತಾ ಉಂಟಂತೆ."

"ಹಾಗಾದರೆ ಅಲ್ಲಿ ಮಲಗಬೇಡಿ. ನಿಮ್ಮ ಗೊರಕೆಗೆ ಎದ್ದೀತು."

ಅಭ್ಯಾಸ ಶುರುವಾಯಿತು. ಬೇಸಿಗೆಯಾದ್ದರಿಂದ ಸೂಪರ್‌ಮಾರ್ಕೆಟ್ಟಿನ ತಂಪಿನಲ್ಲಿ! ಟ್ರಾಲಿಗೆ ಅಕ್ಕಿಚೀಲ ಹೇರಿಕೊಂಡು ಮಾವ ಸುತ್ತು ಹಾಕುವರು, ಕೊನೆಗೆ ಚೀಲವನ್ನು ಇದ್ದಲ್ಲೇ ಇಟ್ಟು ಬರುವರು. ಇಷ್ಟು ನಡೆದ ಅಕ್ಕಿಯನ್ನು ಇನ್ನು ಯಾರೂ ಕೊಳ್ಳುವುದಿಲ್ಲ ಎಂದು ಅಲ್ಲಿಯ ಮ್ಯಾನೇಜರ್ ನಕ್ಕನಂತೆ. ಜೊತೆಗೆ ಹೋಗುವ ಹೊಣೆ ಒಮಾನಿನಲ್ಲೇ, ಅಲ್ ಹೈಲ್‌ನಲ್ಲಿದ್ದ ನನ್ನ ಪಾಲಿಗೆ ಬಂತು.

ಲೋಂಗೊನಾಟ್ ಈಗ ರಾಷ್ಟ್ರೀಯ ಉದ್ಯಾನ. ದ್ವಾರದಲ್ಲಿದ್ದ ವನಪಾಲಕ ಮಾವನ ಕುಂಟು ನೋಡಿ, ಕಾಲು ನೋವಿದ್ದರೆ ಹತ್ತಬೇಡಿ ಎಂದ.

"ನೋವು ಇಲ್ಲಿಲ್ಲ, ಒಮಾನಿನಲ್ಲಿ ಉಂಟು," ಎಂದರು ಮಾವ. ನಾನು ಅದನ್ನು ಅನುವಾದಿಸಲಿಲ್ಲ. ಅವನೇ ನಮ್ಮ ಜೊತೆ ಹೊರಟ.

ದಾರಿಯೆಂದರೆ ಬೂದಿಯಂಥ ಧೂಳು. ಹೆಜ್ಜೆಯಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಮಾವ ತಿರುವು ತಿರುವಿಗೂ ನಿಂತು ಅರಬಾಬರಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಅರ್ಧ ಅರಬ್ಬಿ, ಅರ್ಧ ಹಿಂದಿ. ಈಗ ಜೀಬ್ರಾ ಕಂಡಿತು, ನಮ್ಮ ಅಳತೆ ಟೇಪಿಗೂ ಇಷ್ಟು ಗೆರೆಯಿಲ್ಲ. ಈಗ ಏರು ಬಂತು. ಈಗ ಗಾಳಿ. ಬರಬರುತ್ತ ಸಂದೇಶಗಳಲ್ಲಿ ಮಾತು ಕಡಿಮೆಯಾಗಿ ಏದುಸಿರೇ ಹೆಚ್ಚಾಯಿತು. ಕೊನೆಯ ಏರಿನ ಬುಡದಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. ವನಪಾಲಕ ವಾಪಸಾಗೋಣ ಎಂದ. ಕುಳಿಯ ಫೋಟೊಗಳು ಬೇಕಾದಷ್ಟು ಸಿಗುತ್ತವೆ, ತೋರಿಸಿದರಾಯಿತು ಎಂದು ನಾನೂ ಹೇಳಿದೆ.

ಮಾವ ಬಂಡೆಗೆ ಕೈಯೂರಿ ನಿಂತಿದ್ದರು. "ಫೋಟೊ ಅವರ ಮಗನ ಮೊಬೈಲಿನಲ್ಲೂ ಉಂಟು ಮಾರಾಯ. ಅವರ ಕಡೆಯಿಂದ ಹತ್ತಿದವರು ಯಾರೂ ಇಲ್ಲ."

ಉಸಿರು ತಹಬಂದಿಗೆ ಬರುವವರೆಗೆ ಕಾದು, ನಾವಿಬ್ಬರೂ ಆಚೀಚೆ ತೋಳು ಹಿಡಿದೆವು. ಮಾವ ನೆಲ ನೋಡುತ್ತಲೇ ಅಂಚು ತಲುಪಿ ಮೊಬೈಲನ್ನು ನನ್ನ ಕೈಗಿಟ್ಟರು. ವಿಡಿಯೊ ಕರೆ ಮಾಡಿದೆ. ತೆಗೆದುಕೊಂಡದ್ದು ಅರಬಾಬರ ಮಗ. ನಾನು ಕ್ಯಾಮೆರಾವನ್ನು ಕುಳಿಯತ್ತ ಹಿಡಿದೆ. ಬೆಟ್ಟದ ಹೊಟ್ಟೆಯ ತುಂಬ ದಟ್ಟ ಹಸಿರು ಕಾಡು, ಆಚೆ ಗೋಡೆಯ ಬಿರುಕಿನಿಂದ ತೆಳ್ಳಗೆ ಏಳುತ್ತಿದ್ದ ಹಬೆ. ಮಗ ಅದನ್ನು ನೋಡಲೇ ಇಲ್ಲ.

"ಅಂಕಲ್ ಎಲ್ಲಿ? ಮೊದಲು ಅವರನ್ನು ಕೂರಿಸಿ," ಎಂದ ಹಿಂದಿಯಲ್ಲಿ. "ಅವರು ನಡೆಯಲು ಶುರು ಮಾಡಿದಾಗಿನಿಂದ ಬಾಬಾ ಕೂತಿಲ್ಲ. ಕೋಲು ಹಿಡಿದು ನಿಂತೇ ಇದ್ದಾರೆ. ಅವನು ಹತ್ತುತ್ತಿರುವಾಗ ನಾನು ಹೇಗೆ ಕೂರಲಿ ಅಂತಾರೆ."

ಮಾವ ಮೊಬೈಲ್ ಕಸಿದುಕೊಂಡು, ಕುಳಿಗೆ ಬೆನ್ನು ಹಾಕಿ ಧೂಳಿನಲ್ಲೇ ಕೂತುಬಿಟ್ಟರು. "ಕೂತೆ ಅರಬಾಬ್. ನೋಡಿ, ಕೂತೆ. ಇನ್ನು ನೀವು ಕೂರಿ."

ತೆರೆಯ ಮೇಲೆ ಆ ವೃದ್ಧರು ಮಗನ ಹೆಗಲು ಹಿಡಿದು ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಕಾಡು ಇದೆಯಾ?" ಎಂದರು ಅರಬಾಬ್.

"ನಾನಿನ್ನೂ ನೋಡಿಲ್ಲ."

"ಯಾಕೆ?"

"ನೀವು ಕೂತಾಗಲಿ, ಒಟ್ಟಿಗೆ ನೋಡುವ ಅಂತ."

ಮಾವ ಕೂತಲ್ಲೇ ಹೊರಳಿದರು. ಮೊಬೈಲನ್ನು ಎದೆಗೆ ಒತ್ತಿ, ಕ್ಯಾಮೆರಾದ ಕಣ್ಣು ಕುಳಿಯ ಕಡೆಗಿರುವಂತೆ ಹಿಡಿದು, ಆಮೇಲೆ ತಲೆಯೆತ್ತಿದರು.