ನಾಲ್ಕು ಬೆರಳಿನ ಹಣೆ

ಕೆಲವು ಮನೆತನಗಳಿಗೆ ಹೊಲ ಇರುತ್ತದೆ, ಕೆಲವಕ್ಕೆ ಒಳ್ಳೆಯ ಕಂಠ ಇರುತ್ತದೆ, ಏನೂ ಇಲ್ಲದವರಿಗೆ ಮೂರು ತಲೆಮಾರಿನಿಂದ ಬಿಡದೆ ನಡೆದುಬಂದ ಒಂದು ಜಗಳವಾದರೂ ಇರುತ್ತದೆ. ನಮ್ಮ ಮನೆಗೆ ಇರುವುದು ಹಣೆ. ಹುಬ್ಬಿನಿಂದ ಕೂದಲು ಶುರುವಾಗುವ ತನಕ ಅಡ್ಡಡ್ಡ ಬೆರಳಿಟ್ಟು ಅಳೆದರೆ ಬರೋಬ್ಬರಿ ನಾಲ್ಕು ಬೆರಳು. ನನ್ನ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಅಷ್ಟು, ಹುಲಸೂರಿಗೆ ಕೊಟ್ಟ ಸೋದರತ್ತೆಗೆ ಅಷ್ಟು, ನನಗೂ ಅಷ್ಟು. "ಹಣಿ ಅಗಲ ಇದ್ದಷ್ಟೂ ಒಳಗ ಜಾಗಾ ಜಾಸ್ತಿ" ಎಂಬುದು ಆಯಿಯ ಸಿದ್ಧಾಂತ. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು, ಇಂಥದ್ದನ್ನು ನಂಬಬಾರದು. ನಂಬುವುದಿಲ್ಲ ಎಂದು ಹೊರಗೆ ಹೇಳುತ್ತಲೂ ಇದ್ದೆ. ಆದರೆ ಪರೀಕ್ಷೆ ಇದ್ದ ದಿನಗಳಲ್ಲಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಬೆರಳಿಟ್ಟು ಅಳೆದುಕೊಂಡೇ ಹೊರಟದ್ದುಂಟು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಈ ಹಣೆಗೆ ತಕ್ಕ ಜಡೆ ಹಾಕುವುದು ಆಯಿಯ ಬೆಳಗಿನ ಕೆಲಸ. ಏಳು ಗಂಟೆಗೆ ಅವಳು ಪಡಸಾಲೆಯ ಮಂಚದ ಮೇಲೆ ಕೂರುತ್ತಾಳೆ. ನಾನು ಕೆಳಗೆ ಅವಳ ಮೊಣಕಾಲುಗಳ ನಡುವೆ ಬೆನ್ನು ಕೊಟ್ಟು ಕೂರಬೇಕು. ಇಪ್ಪತ್ತಾರು ವರ್ಷದ ಉಪನ್ಯಾಸಕಿ ಹೀಗೆ ಕೂರುವುದು ಶೋಭೆಯಲ್ಲ ಎಂದು ನನಗೂ ಗೊತ್ತು. ಆದರೆ ನಾನೇ ಜಡೆ ಹಾಕಿಕೊಂಡ ದಿನ ಆಯಿ ಚಹಾ ಮುಟ್ಟುವುದಿಲ್ಲ. ಸ್ನಾನದ ಹಸಿ ಇನ್ನೂ ಆರಿರದ ಕೂದಲಿಗೆ ಎಣ್ಣೆ ಸುರಿದು, ಬಾಚಣಿಗೆಯಿಂದ ಹಿಂದಕ್ಕೆಳೆದು, ಮೂರು ಎಳೆ ಮಾಡಿ, ಒಂದು ಕಾಲನ್ನು ನನ್ನ ಬೆನ್ನಿಗೊತ್ತಿ ಹಗ್ಗ ಹೊಸೆಯುವವರ ಹಾಗೆ ಹೆಣೆಯುತ್ತಾಳೆ. "ನೋವಾಗ್ತದ ಆಯಿ" ಎಂದರೆ, "ಸುಮ್ಮ ಕೂಡು. ಸಂಜೀಗಿ ಮನಿಗಿ ಬಂದಾಗ ಒಂದು ಕೂದಲಾ ಅತ್ತಿತ್ತ ಆಗಿರಬಾರ್ದು" ಎನ್ನುತ್ತಾಳೆ. ಆಗುವುದೂ ಇಲ್ಲ. ಬಸವಕಲ್ಯಾಣದಿಂದ ಹುಮನಾಬಾದದ ನನ್ನ ಕಾಲೇಜಿಗೆ ದಿನಾ ಬಸ್ಸಿನ ಕಿಟಕಿಯ ಪಕ್ಕ ಕೂತು ಹೋಗಿ ಬರುತ್ತೇನೆ. ಹೈವೇ ಗಾಳಿಗೆ ಪಕ್ಕದವರ ಸೆರಗು ನನ್ನ ಮಡಿಲಿಗೆ ಬಂದು ಬೀಳುತ್ತದೆ. ನನ್ನ ಜಡೆ ಮಾತ್ರ ಅಲುಗುವುದಿಲ್ಲ. ಒಂದೇ ತೊಂದರೆಯೆಂದರೆ, ಆ ಬಿಗಿಗೆ ಹುಬ್ಬುಗಳು ಅರ್ಧ ಇಂಚು ಮೇಲೇರಿ ಮಧ್ಯಾಹ್ನದ ತನಕ ಅಲ್ಲೇ ನಿಲ್ಲುತ್ತವೆ. ಮೊದಲ ಪಿರಿಯಡ್ಡಿನಲ್ಲಿ ಮಕ್ಕಳು ಸರಿ ಉತ್ತರ ಹೇಳಿದರೂ ಮೇಡಂಗೆ ಆಶ್ಚರ್ಯ, ತಪ್ಪು ಹೇಳಿದರೂ ಆಶ್ಚರ್ಯ. ಪಾಪ, ಎಷ್ಟೋ ಜನ ಸರಿಯಾದ ಉತ್ತರವನ್ನು ನನ್ನ ಮುಖ ನೋಡಿ ಅಳಿಸಿದ್ದಾರೆ.

ಕಳೆದ ವರ್ಷ ಹಣೆಯ ಮೇಲ್ಭಾಗದಲ್ಲಿ, ಕೂದಲ ಅಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳೆದ್ದವು. ಕಾಲೇಜು ಮುಗಿಸಿ ಹುಮನಾಬಾದದಲ್ಲೇ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ಗುಳ್ಳೆಗಳನ್ನು ಒಂದು ಕ್ಷಣ ನೋಡಿ, ಜಡೆಯನ್ನು ಬಹಳ ಹೊತ್ತು ನೋಡಿದರು.

"ಈ ಹೆರಳು ಯಾರು ಹಾಕ್ತಾರ್ರಿ?"

"ನಮ್ಮ ಆಯಿ."

"ಅವ್ರೇನು ಪೈಲ್ವಾನ್ರಾ?"

ನಾನು ನಗಲಿಲ್ಲ. ಹುಬ್ಬು ಮೇಲಿದ್ದರೆ ನಗುವುದು ಕಷ್ಟ. ಡಾಕ್ಟರು ಸಮಾಧಾನದಿಂದಲೇ ವಿವರಿಸಿದರು: ದಿನಾ ಬುಡ ಎಳೆದರೆ ಕೂದಲು ಸೋತು ಉದುರುತ್ತದೆ, ಮೊದಲು ಮತ್ತೆ ಬರುತ್ತದೆ, ಕಡೆಗೆ ಬರುವುದನ್ನೇ ಬಿಟ್ಟುಬಿಡುತ್ತದೆ. ಜಡೆ ಬೇಡ ಅನ್ನುವುದಿಲ್ಲ, ಬುಡದಲ್ಲಿ ಸಡಿಲ ಇರಲಿ. ಕೂದಲು ಒಣಗಿದ ಮೇಲೆ ಹೆಣೆಯಿರಿ. ಬೈತಲೆ ಆಗಾಗ ಜಾಗ ಬದಲಿಸಲಿ. ತುದಿಗೆ ರಬ್ಬರ್ ಬೇಡ, ಬಟ್ಟೆಯ ಪಟ್ಟಿ ಸಾಕು. ಮಲಗುವಾಗ ಬಿಚ್ಚಿಬಿಡಿ. "ನಿಮ್ಮ ಕೂದಲಾ ಒಂದು ಬೆರಳು ಹಿಂದ ಸರದದ. ಈಗ ಬಿಟ್ರ ತಿರುಗಿ ಬರ್ತದ. ಇನ್ನ ತಡಾ ಮಾಡಿದ್ರ ನಾ ಹೇಳಾಂಗಿಲ್ಲ."

"ಇದು ಸರದದ್ದಲ್ರಿ ಡಾಕ್ಟ್ರೇ. ನಮ್ಮ ಮನೆತನದ ಹಣಿ."

"ಹೌದಾ? ನಿಮ್ಮ ಅಪ್ಪಾರ್ದೂ ಇಷ್ಟೇ ಅಗಲ ಅದೇನು?"

ಅಪ್ಪನ ಕೂದಲು ಹುಬ್ಬಿನಿಂದ ಎರಡೇ ಬೆರಳು ಮೇಲೆ ಶುರುವಾಗುತ್ತದೆ. ಆಯಿ ಹೆತ್ತ ಮಗ ಅವನು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಗಣಿತದಲ್ಲಿ ಒಂದು ವಿರುದ್ಧ ಉದಾಹರಣೆ ಸಿಕ್ಕರೆ ಸಾಕು, ಇಡೀ ಪ್ರಮೇಯ ಬಿದ್ದುಹೋಗುತ್ತದೆ. ಅಪ್ಪನನ್ನು ಬೇಕಾದರೆ ಬಿಡಿ, ಗಂಡಸು. ಪಕ್ಕದ ಮನೆಯ ಶಬಾನಾ? ಅವಳ ಅಮ್ಮ ಬೆಳಿಗ್ಗೆ ಬೇಗ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದರಿಂದ ಎರಡನೆಯ ಇಯತ್ತೆಯಿಂದ ಹತ್ತರ ತನಕ ಶಬಾನಾಳ ಜಡೆಯನ್ನೂ ಆಯಿಯೇ ಹಾಕಿದ್ದಳು. ಅವಳಿಗೂ ಬರೋಬ್ಬರಿ ನಾಲ್ಕು ಬೆರಳಿನ ಹಣೆ! ಅವಳು ಹತ್ತನೆಯದರಲ್ಲಿ ಫಸ್ಟ್ ಕ್ಲಾಸು ಬಂದಾಗ, "ನಮ್ಮ ಮನಿ ರೊಟ್ಟಿ ಉಂಡಾಳ, ಅದಕ್ಕ ನಮ್ಮ ಹಣಿ ಬಂದದ" ಎಂದು ಆಯಿ ಗಲ್ಲಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾವೆಲ್ಲ ತಲೆ ಅಲ್ಲಾಡಿಸಿದ್ದೆವು. ನನ್ನದು ಸ್ವಲ್ಪ ಹೆಚ್ಚೇ ಅಲ್ಲಾಡಿತ್ತು.

ಮನೆತನದ ಹಣೆ ಎನ್ನುವುದು ಇರಲೇ ಇಲ್ಲ. ಇದ್ದದ್ದು ಆಯಿಯ ಕೈ. ಇದನ್ನು ಆಯಿಗೆ ಹೇಳುವುದು ಹೇಗೆ? ಗಲ್ಲಿಯ ಮದುವಣಗಿತ್ತಿಯರ ಜಡೆಯನ್ನು ಇವತ್ತಿಗೂ ಅವಳೇ ಹಾಕುತ್ತಾಳೆ. ಹೇಳಿದರೆ ಅವಳ ಬೆಳಗು ಹೋಗುತ್ತದೆ, ಹೇಳದಿದ್ದರೆ ನನ್ನ ಕೂದಲು ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳಲು ನಾನು, ಜೀವನದಲ್ಲಿ ಮೊದಲ ಬಾರಿಗೆ, ಕಳ್ಳತನಕ್ಕಿಳಿದೆ. ಬಸ್ಸು ಊರ ಹೊರಗಿನ ಸಸ್ತಾಪುರ ಬಂಗ್ಲಾ ಸ್ಟಾಪು ದಾಟಿ ಹೈವೇ ಹಿಡಿದೊಡನೆ ಆಯಿಯ ಜಡೆ ಬಿಚ್ಚಿ ಸಡಿಲಾಗಿ ಹೆಣೆದುಕೊಳ್ಳುವುದು. ಸಂಜೆ ಸಸ್ತಾಪುರ ಬಂಗ್ಲಾ ಬರುವ ಮೊದಲೇ ಮತ್ತೆ ಬಿಗಿ ಮಾಡಿಕೊಳ್ಳುವುದು. ಸಮಯಕ್ಕೆ ಸರಿಯಾಗಿ, ತಪ್ಪಿಲ್ಲದೆ, ಮೂರು ವಾರ ನಡೆಸಿದೆ.

ಆದರೆ ಅದೇ ಬಸ್ಸಿನಲ್ಲಿ ಮಹಾದೇವಿ ಅಕ್ಕ ಇದ್ದರು. ನಮ್ಮ ಹಿಂದಿನ ಗಲ್ಲಿಯವರು, ರಾಜೇಶ್ವರದ ಅಂಗನವಾಡಿಗೆ ಹೋಗುವವರು. ಮಕ್ಕಳನ್ನು ಕಾಯ್ದು ಕಾಯ್ದು ಅವರಿಗೆ ಬೆನ್ನಲ್ಲೂ ಕಣ್ಣು ಬಂದಿದೆ. ಒಂದು ದಿನ ನನ್ನ ಪಕ್ಕಕ್ಕೇ ಬಂದು ಕೂತರು.

"ಮನಿಯಾಗ ಒಂದು ಹೆರಳು, ಬಸ್ಸಿನ್ಯಾಗ ಒಂದು ಹೆರಳು. ಯಾರದಾರ್ರಿ ಮೇಡಂ ಅವ್ರು?"

ನಾನು ಸ್ವಭಾವತಃ ಮಾತು ಕಡಿಮೆಯವಳು. ಉತ್ತರ ಕೊಡಲು ಡಾಕ್ಟರಿಂದ ಶುರುಮಾಡಿ ಶಬಾನಾಳ ತನಕ ಹೇಳಬೇಕಾಗಿತ್ತು. ಸುಮ್ಮನೆ ಕಿಟಕಿಯ ಕಡೆ ನೋಡಿದೆ. ನಮ್ಮ ಕಡೆ ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆಯೇ. "ಜಾಣರಿದ್ದೀರಿ" ಎಂದು ಮಹಾದೇವಿ ಅಕ್ಕ ಬಹಳ ಸಂತೋಷದಿಂದ ರಾಜೇಶ್ವರದಲ್ಲಿ ಇಳಿದರು. ನಾನು ಸಂಜೆ ಊರಿಗೆ ಮರಳುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ನಮ್ಮ ಪಡಸಾಲೆಗೆ ಬಂದು, ಚಹಾ ಕುಡಿದು ಹೋಗಿತ್ತು.

ಆಯಿ ಆ ಸಂಜೆ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕೂದಲನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡ ಮೇಲೆ ಕೇಳಿದಳು: "ಯಾರವ್ವ ಅಂವ?"

ಓಡುವಂತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಡಾಕ್ಟರು, ಗುಳ್ಳೆ, ಬುಡ, ಒಂದು ಬೆರಳು. ಮುಷ್ಟಿ ಮೆಲ್ಲಗೆ ಸಡಿಲಾಯಿತು.

"ಹುಡುಗ ಇದ್ದಾನಂದಿದ್ರ ಚೊಲೋ ಇತ್ತು" ಎಂದಳು. "ಅವರ ಮನಿಯವ್ರ ಜೋಡಿ ಕುಂತು ಮಾತಾಡಿ ಬಗೀಹರಸ್ತಿದ್ದೆ. ನನ್ನ ಕೈನೇ ಬರೋಬ್ಬರಿ ಇಲ್ಲಂದ್ರ ಯಾರ ಜೋಡಿ ಮಾತಾಡ್ಲಿ?"

ತಿರುಗಿ ನೋಡಿದೆ. ಅವಳು ತನ್ನ ಬೆರಳುಗಳನ್ನು ತನ್ನದೇ ಹಣೆಯ ಮೇಲಿಟ್ಟು, ಒಂದು, ಎರಡು ಎಂದು ಮೇಲಕ್ಕೆ ಸರಿಸುತ್ತಿದ್ದಳು. ನಾಲ್ಕಕ್ಕೆ ಬಂದು ನಿಂತಳು. "ನಮ್ಮವ್ವನೂ ಹಿಂಗೇ ಎಳೀತಿದ್ಲು. ಹಂಗಾದ್ರ ನಂದೂ..."

"ನಿಂದು ಬುದ್ಧೀದು ಆಯಿ. ಡಾಕ್ಟ್ರು ನಂದಷ್ಟೇ ಹೇಳ್ಯಾರ" ಎಂದೆ. ನನ್ನ ಹುಬ್ಬು ಇನ್ನೂ ಮೇಲೇರಿರಲಿಲ್ಲವಾದ್ದರಿಂದ ಸುಳ್ಳು ಸರಾಗವಾಗಿ ಬಂತು.

ಅಂದಿನಿಂದ ಆಯಿ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಜಡೆ ಹಾಕುವುದನ್ನು ಹೊಸದಾಗಿ ಕಲಿತಳು. ಸುಲಭವಾಗಿರಲಿಲ್ಲ. ಅವಳ ಬೆರಳುಗಳಿಗೆ ಎಳೆಯದೆ ಹಿಡಿಯುವುದೇ ಗೊತ್ತಿರಲಿಲ್ಲ. ಪ್ರತಿ ಎಳೆಗೂ "ಇಷ್ಟ ಸಾಕೇನ? ಇಷ್ಟ?" ಎಂದು ಕೇಳುವಳು. ಮೊದಲ ವಾರದ ಜಡೆಗಳು ರಾಜೇಶ್ವರ ಮುಟ್ಟುವ ಮೊದಲೇ ಬಿಚ್ಚಿ ಹರಡಿ, ಮಹಾದೇವಿ ಅಕ್ಕನ ಅನುಮಾನವನ್ನು ಇನ್ನೂ ಗಟ್ಟಿ ಮಾಡಿದವು. ಸ್ನಾನವಾದ ಮೇಲೆ ಕೂದಲು ಒಣಗಲೆಂದು ಆಯಿ ನನ್ನನ್ನು ಅರ್ಧ ಗಂಟೆ ಮಾಳಿಗೆಯ ಬಿಸಿಲಲ್ಲಿ ನಿಲ್ಲಿಸುವಳು. ಸೋಮವಾರ ಬೈತಲೆ ಎಡಕ್ಕೆ, ಗುರುವಾರ ಬಲಕ್ಕೆ. ಹಳೆಯ ಇಳಕಲ್ ಸೀರೆಯ ಅಂಚು ಹರಿದು ತಾನೇ ಪಟ್ಟಿ ಹೊಲಿದಳು. ಮತ್ತು ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನನ್ನ ಹಣೆಯ ಅಂಚಿನ ಮೇಲೆ ಹೆಬ್ಬೆರಳಾಡಿಸಿ ನೋಡುವಳು, ಬಿತ್ತಿದ ತೊಗರಿಯ ಸಾಲು ನೋಡುವವರ ಹಾಗೆ. ನಾಲ್ಕು ತಿಂಗಳಿಗೆ ಒಂದು ಸಂಜೆ ಕೂಗಿದಳು: "ಮೊಳಕಿ ಒಡದದ!" ಅಪ್ಪ, ಅವ್ವ, ಶಬಾನಾ ಎಲ್ಲರನ್ನೂ ಕರೆಸಿ ನನ್ನನ್ನು ದೀಪದ ಕೆಳಗೆ ನಿಲ್ಲಿಸಿ ತೋರಿಸಿದಳು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಈಗ ಗಲ್ಲಿಯ ಹುಡುಗಿಯರಿಗೆಲ್ಲ ಅವಳದು ಒಂದೇ ಉಪದೇಶ: "ಸಡ್ಲ ಹಾಕ್ಕೋರಿ. ಬುಡಕ್ಕ ಉಸಿರು ಬೇಕಾಗ್ತದ." ಈ ವಿದ್ಯೆಯೂ ತನ್ನ ಅವ್ವನಿಂದಲೇ ಬಂದದ್ದೆಂದು ಹೇಳುತ್ತಾಳೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನ ಇಟ್ಟರು. ಅಂದು ಬೆಳಿಗ್ಗೆ ಹಳೆಯ ಅಭ್ಯಾಸದಂತೆ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಬೆರಳಿಟ್ಟೆ. ಮೂರಕ್ಕೇ ಮುಗಿದುಹೋಯಿತು. ನಾಲ್ಕನೆಯ ಬೆರಳು ಹೊಸ ಕೂದಲಿನ ಮೇಲೆ ಕೂತಿತ್ತು. ಹೊರಗೆ ಬಂದು ಆಯಿಯ ಮುಂದೆ ಕೂತು ಮೆತ್ತಗೆ ಹೇಳಿದೆ:

"ಆಯಿ, ಇವತ್ತೊಂದಿನ ಜರಾ ಬಿಗೀ ಹಾಕು."

"ಯಾಕ?"

"ಹಣಿ ಕಾಣಲಿ ಅಂತ."

"ಎಮ್ಮೆಸ್ಸಿ ಓದೀದಿ, ಹಣಿಗಿ ಬೆನ್ನ ಹತ್ತೀದಿ?" ಎಂದು ಆಯಿ ನಕ್ಕು, ಎಂದಿಗಿಂತಲೂ ಸಡಿಲವಾಗಿ ಹೆಣೆದು, ಬೆನ್ನು ತಟ್ಟಿ ಕಳಿಸಿದಳು.

ಸಸ್ತಾಪುರ ಬಂಗ್ಲಾ ದಾಟಿತು. ನಾನು ಜಡೆ ಬಿಚ್ಚಿದೆ, ಹಲ್ಲು ಕಚ್ಚಿ ನನ್ನ ಕೈಯಿಂದಲೇ ಎಳೆದೆಳೆದು ಬಿಗಿದೆ. ಮಹಾದೇವಿ ಅಕ್ಕ ನೋಡಿ, "ಮತ್ತ ಬ್ಯಾರೇದವ್ರಾ ಮೇಡಂ?" ಎಂದರು. ಸಂದರ್ಶನದಲ್ಲಿ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಮೊದಲ ಪ್ರಶ್ನೆ ಕೇಳಿ ನನ್ನ ಮುಖ ನೋಡಿದರು. "ಗಾಬರಿ ಆಗಬ್ಯಾಡ್ರಿ, ಸುಲಭದ್ದು ಕೇಳ್ತೀನಿ" ಎಂದು ಪ್ರಶ್ನೆ ಬದಲಿಸಿದರು. ಅದಕ್ಕೂ ನನ್ನ ಹುಬ್ಬು ಇಳಿಯದ್ದು ಕಂಡು ಇನ್ನೂ ಸುಲಭದ್ದಕ್ಕೆ ಬಂದರು. ಕಡೆಗೆ ಏಳನೆಯ ಇಯತ್ತೆಯ ಲೆಕ್ಕಕ್ಕೆ ಸರಿಯಾದ ಉತ್ತರ ಕೊಟ್ಟು ಹೊರಗೆ ಬಂದೆ. ಫಲಿತಾಂಶ ಇನ್ನೂ ಬಂದಿಲ್ಲ.

ಮರಳುವಾಗ ಸಸ್ತಾಪುರ ಬಂಗ್ಲಾ ಬರುವ ಮೊದಲೇ ಮತ್ತೆ ಬಿಚ್ಚಿ, ಬೆಳಿಗ್ಗೆ ಆಯಿ ಹಾಕಿದ ಹಾಗೆಯೇ ಸಡಿಲವಾಗಿ ಹೆಣೆದುಕೊಂಡೆ. ಚಪ್ಪಲಿ ಬಿಡುವ ಮೊದಲೇ ಅವಳ ಹೆಬ್ಬೆರಳು ನನ್ನ ಹಣೆಯ ಅಂಚಿಗೆ ಬಂತು. ಬಂದು ಅಲ್ಲೇ ನಿಂತಿತು.

"ಇಲ್ಲಿ ಕೆಂಪಗ ಆಗ್ಯದ. ಯಾರ ಎಳದಾರ?"

ಏನೂ ತಿಳಿಯದವಳಂತೆ ಆಶ್ಚರ್ಯದಿಂದ ಹುಬ್ಬೇರಿಸಲು ನೋಡಿದೆ. ಜಡೆ ಸಡಿಲವಿತ್ತು, ಏರಲಿಲ್ಲ.