ಬಸ್ಸು ಬರುತ್ತಾನೋ, ಬರುತ್ತಾಳೋ?

ನಮ್ಮ ಚಿಕ್ಕಪ್ಪನಿಗೆ ಮಕ್ಕಳೆಂದರೆ ಪ್ರಾಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರಿಗೆ ಪ್ರಾಣವಾಗಿದ್ದದ್ದು ಫೈಲು. ಮಕ್ಕಳನ್ನೂ ಪ್ರೀತಿಸಿದರು, ಇಲ್ಲವೆನ್ನುವುದಿಲ್ಲ. ಆದರೆ ಅವೂ ಒಂದು ಬಗೆಯ ಫೈಲುಗಳೇ ಎಂದು ತಿಳಿದು ಪ್ರೀತಿಸಿದರು!

ಆಗ ನಾನು ದೆಹಲಿಯಲ್ಲಿ ಪುಟ್ಟ ಮಕ್ಕಳ ಟೀಚರ್ ಆಗುವ ತರಬೇತಿಗೆ ಸೇರಿದ್ದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮನ ಜೊತೆ ವಾಸ. ಚಿಕ್ಕಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಏನು ಕೆಲಸ ಎಂದು ಕೇಳಿದರೆ ದನಿ ತಗ್ಗಿಸಿ, "ಅದೆಲ್ಲ ಹೊರಗೆ ಮಾತಾಡೋ ಹಾಗಿಲ್ಲ" ಎನ್ನುತ್ತಿದ್ದರು. "ಕುರ್ಚಿ, ಫ್ಯಾನು ರಿಪೇರಿ ಮಾಡಿಸೋದು" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಆ ರಹಸ್ಯವನ್ನು ಬಯಲು ಮಾಡುತ್ತಿದ್ದರು.

ತರಬೇತಿಯಲ್ಲಿ ಒಂದು ನಿಯಮವಿತ್ತು. ಐದು ಮಕ್ಕಳ ಗುಂಪು ಕಟ್ಟಿಕೊಂಡು ಎರಡು ತಿಂಗಳು ಹಿಂದಿ ಓದಲು ಕಲಿಸಬೇಕು. ನಡುವೆ ಸೂಪರ್‌ವೈಸರ್ ಮೇಡಂ ಎರಡು ಸಲ ಬಂದು ನೋಡಿ ಅಂಕ ಹಾಕುತ್ತಾರೆ. ಅಕ್ಕಪಕ್ಕದ ಮನೆಗಳಿಂದ ಒಂದನೇ ತರಗತಿಯ ಐದು ಮಕ್ಕಳನ್ನು ಕರೆತಂದು, ಮುಂದಿನ ಕೋಣೆಯಲ್ಲಿ ಚಿಕ್ಕಮ್ಮನ ಜಮಖಾನ ಹಾಸಿ, ಸಂಜೆ ಆರಕ್ಕೆ ಪಾಠ ಶುರು ಮಾಡಿದೆ. ಚಿಕ್ಕಪ್ಪನ ಆಫೀಸ್ ಬಸ್ಸೂ ಆರಕ್ಕೇ ಬರುತ್ತದೆಂಬುದನ್ನು ಮರೆತಿದ್ದೆ!

ಮೊದಲ ದಿನವೇ ಅವರು ಬೂಟು ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತು, "ಹಾಜರಿ ಪುಸ್ತಕ ಎಲ್ಲೇ?" ಎಂದರು.

"ಇರೋದೇ ಐದು ಮಕ್ಕಳು ಚಿಕ್ಕಪ್ಪ. ಕಣ್ಣಿಗೇ ಕಾಣ್ತಾರಲ್ಲ."

"ಕಣ್ಣಿಗೆ ಕಂಡಿದ್ದು ರೆಕಾರ್ಡ್ ಆಗಲ್ಲ ಕಣೆ."

ಮರುದಿನ ರಿಜಿಸ್ಟರ್ ಬಂತು. ಮಕ್ಕಳು ಒಳಗೆ ಬರುವ ಮೊದಲು ಸಹಿ ಹಾಕಬೇಕು. ಆರು ವರ್ಷದ ಬಂಟಿ ಸಹಿಯ ಜಾಗದಲ್ಲಿ ಬೆಕ್ಕೊಂದನ್ನು ಬರೆದ. ಚಿಕ್ಕಪ್ಪ ಗಂಭೀರವಾಗಿ ಒಪ್ಪಿದರು. ಅದರ ಮರುದಿನ ಅವನು ಆನೆ ಬರೆದ. ಚಿಕ್ಕಪ್ಪ ತಡೆದರು. ನಿನ್ನೆಯ ಸಹಿಗೂ ಇವತ್ತಿನ ಸಹಿಗೂ ತಾಳೆಯಾಗುತ್ತಿಲ್ಲವಂತೆ! ಪಾಪ, ಬಂಟಿ ಹೊಸ್ತಿಲಲ್ಲಿ ಕೂತು ಅದೇ ಬೆಕ್ಕನ್ನು, ಅದೇ ಮೀಸೆಯೊಂದಿಗೆ, ಮತ್ತೆ ಬರೆಯುವವರೆಗೆ ಒಳಗೆ ಬಿಡಲಿಲ್ಲ.

ಇನ್ನೊಂದು ಕಾನೂನು: ಮಧ್ಯದಲ್ಲಿ ಎದ್ದು ಹೋಗಬೇಕಾದವರು ಕಾರಣ ಬರೆದು ಚೀಟಿ ಕೊಡಬೇಕು. ಒಂದು ದಿನ ಬಂಟಿಗೆ ಅವಸರವಾಯಿತು. ಪೆನ್ಸಿಲ್ ಹಿಡಿದು 'ಸೂಸೂ' ಎಂದು ಬರೆಯಲು ಹೊರಟವನು ಹ್ರಸ್ವವೋ ದೀರ್ಘವೋ ಎಂಬ ಅನುಮಾನಕ್ಕೆ ಬಿದ್ದ. ಅನುಮಾನ ಬಗೆಹರಿಯುವ ಮೊದಲೇ ವಿಷಯ ಬಗೆಹರಿದು ಜಮಖಾನ ಒದ್ದೆಯಾಯಿತು!

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ರೀ, ಇದನ್ನ ಒಗೆಯೋಕೆ ಯಾರಿಗೆ ಚೀಟಿ ಬರೀಬೇಕು ಹೇಳಿ?"

ಅಂದಿನಿಂದ ಆ ಒಂದು ಇಲಾಖೆಗೆ ಮಾತ್ರ ಚೀಟಿಯಿಂದ ವಿನಾಯಿತಿ ಸಿಕ್ಕಿತು.

ಆದರೆ ನನ್ನ ನಿಜವಾದ ಚಿಂತೆ ಬೇರೆ ಇತ್ತು. ಗುಂಪಿನಲ್ಲಿ ಒಬ್ಬಳ ಹೆಸರು ಪಾಯಲ್. ಹಾಗೆಂದರೆ ಕಾಲ್ಗೆಜ್ಜೆ. ಸದ್ದು ಮಾತ್ರ ಇಲ್ಲ! ಓದು ಎಂದರೆ ಪುಸ್ತಕ ನೋಡುತ್ತಾಳೆ, ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಶಾಲೆಯಲ್ಲಿ ಒಮ್ಮೆ ತಪ್ಪು ಓದಿದಾಗ ಇಡೀ ತರಗತಿ ನಕ್ಕಿತ್ತಂತೆ. ಆಮೇಲೆ ಬಾಯೇ ಬಿಟ್ಟಿಲ್ಲ ಎಂದು ಅವಳ ತಾಯಿ ಹೇಳಿದ್ದರು. ತರಬೇತಿಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಹಸಿರು ಕಾಲುಚೀಲದಲ್ಲಿ ಗಿಣಿ ಮಾಡಿ, ಗಿಣಿಯ ದನಿಯಲ್ಲಿ ಮಾತಾಡಿಸಿದೆ. ಅವಳು ಗಿಣಿಯನ್ನು ನೋಡಲಿಲ್ಲ, ನನ್ನನ್ನು ಮರುಕದಿಂದ ನೋಡಿದಳು.

ಸೂಪರ್‌ವೈಸರ್ ಮೇಡಂ ಬಂದ ದಿನವೂ ಅಷ್ಟೇ. "ಈ ಮಗು ಯಾಕೆ ಓದುತ್ತಿಲ್ಲ?" ಎಂದು ಅವರು ನನ್ನನ್ನು ಕೇಳಿದರೆ, ಬಾಗಿಲ ಹಿಂದಿನಿಂದ ಚಿಕ್ಕಪ್ಪನ ಇಂಗ್ಲಿಷ್ ಮೊಳಗಿತು: "ಮ್ಯಾಡಂ, ದಿ ಮ್ಯಾಟರ್ ಈಸ್ ಅಂಡರ್ ಕನ್ಸಿಡರೇಷನ್!"

ಮೇಡಂ ನಗಲಿಲ್ಲ. "ಮುಂದಿನ ಸಲ ಐದೂ ಮಕ್ಕಳು ಓದಬೇಕು. ಇಲ್ಲವಾದರೆ ಈ ಎರಡು ತಿಂಗಳನ್ನು ನೀನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ" ಎಂದು ಹೇಳಿ ಹೋದರು.

ಆ ಹೆದರಿಕೆಗೋ, ಕೂಲರಿನ ಗಾಳಿಗೋ, ಒಂದು ವಾರದ ನಂತರ ನನ್ನ ಗಂಟಲು ಕಟ್ಟಿತು. ಮಾತೇ ಇಲ್ಲ! "ಇವತ್ತು ನಾನು ಚಾರ್ಜ್ ತಗೋತೀನಿ" ಎಂದು ಚಿಕ್ಕಪ್ಪ ಜಮಖಾನದ ಮೇಲೆ ಕೂತರು. ಇಪ್ಪತ್ತಾರು ವರ್ಷ ದೆಹಲಿಯಲ್ಲಿದ್ದರೂ ಅವರ ಹಿಂದಿಯಲ್ಲಿ ಸ್ತ್ರೀಲಿಂಗ ಎಂಬುದು ಹುಟ್ಟಿರಲಿಲ್ಲ. ಕನ್ನಡದಲ್ಲಿ ಬಸ್ಸು ಸುಮ್ಮನೆ ಬರುತ್ತದೆ. ಹಿಂದಿಯಲ್ಲಿ ಅದು ಗಂಡೋ ಹೆಣ್ಣೋ ವಿಚಾರಿಸಿಕೊಂಡೇ ಬರಮಾಡಿಕೊಳ್ಳಬೇಕು! ಚಿಕ್ಕಪ್ಪ ಪುಸ್ತಕ ತೆರೆದು, ಕೆಳಗಿನ ಅಕ್ಷರ ನೋಡದೆ, ಚಿತ್ರಕ್ಕೆ ಬೆರಳಿಟ್ಟು ಘೋಷಿಸಿದರು: "ಬಸ್ ಆತಾ ಹೈ!"

'ಬಸ್ಸು ಬರುತ್ತಾನೆ' ಎಂದಂತಾಯಿತು! ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ದುಪಟ್ಟಾ ಬಾಯಿಗೆ ಒತ್ತಿಕೊಂಡೆ.

ಪಾಯಲ್ ನಗಲಿಲ್ಲ. ತೆವಳುತ್ತ ಮುಂದೆ ಬಂದು, ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಅಕ್ಷರಗಳ ಕೆಳಗೆ ಬೆರಳೋಡಿಸಿದಳು. "ಆತಾ ನಹೀಂ, ಅಂಕಲ್. ದೇಖೋ. ಬಸ್... ಆ...ತೀ ಹೈ."

ಉಳಿದ ನಾಲ್ವರೂ ಅವಳ ಕಡೆ ತಿರುಗಿದರು. ಅಷ್ಟು ಸಣ್ಣ ದನಿ!

"ಪಕ್ಕಾ?" ಎಂದರು ಚಿಕ್ಕಪ್ಪ.

"ಪಕ್ಕಾ. ಬಸ್ ಲಡ್ಕೀ ಹೈ."

"ಔರ್ ಟ್ರಕ್?"

"ಟ್ರಕ್ ಲಡ್ಕಾ."

"ಅಚ್ಛಾ! ರೂಲ್ ಕ್ಯಾ ಹೈ?"

ಪಾಯಲ್ ಯೋಚಿಸಿದಳು. "ರೂಲ್ ನಹೀಂ ಹೈ, ಅಂಕಲ್. ಐಸೇ ಹೀ ಹೈ."

ಅದು ಇರುವುದೇ ಹಾಗಂತೆ. ರೂಲೇ ಇಲ್ಲದ ಕಾನೂನು! ಅದನ್ನು ಚಿಕ್ಕಪ್ಪ ಒಪ್ಪಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಮರುದಿನದಿಂದ ಪಾಯಲ್ ಒಂದೊಂದು ಸಾಲು ಓದುವಳು, ಚಿಕ್ಕಪ್ಪ ಎದುರು ಚಕ್ಕಳಮಕ್ಕಳ ಹಾಕಿ ಕೂತು ಅದನ್ನೇ ಹೇಳುವರು. ತಪ್ಪಿದರೆ ಅವಳು ಮತ್ತೆ ಹೇಳಿಸುವಳು.

ಮೇಡಂ ಎರಡನೆಯ ಸಲ ಬಂದಾಗ ಪಾಯಲ್ ಇಡೀ ಪುಟ ಓದಿ ಮುಗಿಸಿ, ಬಾಗಿಲ ಕಡೆ ತಿರುಗಿ, "ಅಂಕಲ್, ಅಬ್ ಆಪ್" ಎಂದು ಅದರ ಹಿಂದಿದ್ದ ಚಿಕ್ಕಪ್ಪನ ಸರದಿ ನೆನಪಿಸಿದಳು. ಮೇಡಂ ಬೆರಗಾಗಿ, ಇದು ಯಾರು ಕಂಡುಹಿಡಿದ ವಿಧಾನ ಎಂದು ಕೇಳಿದರು. ನಾನು ನಾಚಿಕೆಯಿಲ್ಲದೆ, "ನನ್ನದೇ" ಎಂದೆ. ಪಾಸಾದೆ!

ಆ ಸಂಜೆ ಬಾಲ್ಕನಿಯಲ್ಲಿ ಚಹಾ ಕೊಡುತ್ತ, "ಎಂಥ ಉಪಾಯ ಚಿಕ್ಕಪ್ಪ! ಬೇಕೂಂತಲೇ ತಪ್ಪು ಹೇಳಿ ಅವಳ ಬಾಯಿ ಬಿಡಿಸಿದ್ರಲ್ಲ!" ಎಂದೆ.

ಅವರು ಚಹಾದಲ್ಲಿ ಅದ್ದಿದ ರಸ್ಕನ್ನು ಎತ್ತುವುದನ್ನೇ ಮರೆತರು.

"ಬೇಕೂಂತ ಹೇಳಿದ್ದಲ್ಲ ಕಣೆ. ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಆಫೀಸಲ್ಲಿ ನಾನು ಬಾಯಿ ಬಿಟ್ರೆ ನಗ್ತಾರೆ. ಇಪ್ಪತ್ತಾರು ವರ್ಷ ಆಯ್ತು. ಏನು ತಪ್ಪು ಅಂತ ಒಬ್ಬರೂ ಹೇಳ್ಲಿಲ್ಲ. ಅದಕ್ಕೇ ಎಲ್ಲಾನೂ ಬರೆದೇ ಕೊಟ್ಬಿಡ್ತೀನಿ. ಆ ಮಗು ಒಂದೇ ನಗಲಿಲ್ಲ ನೋಡು."

ನಕ್ಕವರಲ್ಲಿ ನಾನೂ ಇದ್ದೆನೆಂದು ಅವರಿಗೆ ಗೊತ್ತಿತ್ತು. ಆ ಮಾತನ್ನು ಅವರು ಎತ್ತಲಿಲ್ಲ. ಚಹಾದಲ್ಲಿ ಕರಗಿಹೋದ ರಸ್ಕನ್ನು ಚಮಚದಿಂದ ಹುಡುಕುತ್ತ ಮೆಲ್ಲಗೆ ಕೇಳಿದರು:

"ಮೊಸರು, ಅದೇ ದಹೀ, ಗಂಡೋ, ಹೆಣ್ಣೋ? ನಿಂಗೆ ಗೊತ್ತಾ?"

"ಗೊತ್ತಿಲ್ಲ ಚಿಕ್ಕಪ್ಪ."

"ಹೋಗ್ಲಿ ಬಿಡು, ನಾಳೆ ಪಾಯಲ್ ಬರ್ತಾಳಲ್ಲ" ಎಂದರು. "ಇಬ್ಬರೂ ಕೇಳೋಣ."