ಬೆರಳಿಗಂಟಿದ ಕರಿಬೇವು

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸದ ಸಂದರ್ಶನಕ್ಕೆ ಇನ್ನು ಒಂದೂವರೆ ಗಂಟೆಯಿತ್ತು. ವಾರಿಜಾ ಎಂಟನೆಯ ಸಲ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾಗ ಹಿತ್ತಿಲಿನಿಂದ ಚಿಕ್ಕಪ್ಪ ಕರೆದರು. ಜೀವಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದ ಶಿವನಂಜಪ್ಪನವರ ಕೈಯಲ್ಲಿ, ಸೊಳ್ಳೆ ಬ್ಯಾಟು ಬಿಚ್ಚಿ ಮಾಡಿದ ಯಂತ್ರವೊಂದು ಗುಂಯ್‌ಗುಡುತ್ತಿತ್ತು.

“ಕೋಶ ಜೋಡಿಸೋ ಯಂತ್ರ ಇದು. ನಮ್ಮ ಮೈಯ ಕೋಶಗಳು ಮೂರು ಥರ ಕೈ ಹಿಡ್ಕೊಂಡಿರ್ತವೆ ನೋಡು. ಕರುಳಲ್ಲಿ ಒಂದು ಹನಿ ಸೋರದ ಹಾಗೆ ಬಿಗಿ ಹೊಲಿಗೆ. ಚರ್ಮದಲ್ಲಿ ಎಳೆದ್ರೂ ಹರಿಯದ ಹಾಗೆ ಪ್ರೆಸ್ ಬಟನ್ನು. ಹೃದಯದಲ್ಲಿ ಸಣ್ಣ ಸಣ್ಣ ಕೊಳವೆ. ಅದರಲ್ಲೇ ಸುದ್ದಿ ಕಳಿಸಿ ಎಲ್ಲ ಒಟ್ಟಿಗೆ ಬಡ್ಕೋತವೆ.”

“ಗಿಡದಲ್ಲಿ?” ಎಂದಳು ವಾರಿಜಾ, ಗಡಿಯಾರ ನೋಡುತ್ತ.

“ಅಲ್ಲಿ ಕೋಶಕ್ಕೊಂದು ಗೋಡೆ. ಗೋಡೇಲೇ ತೂತು ಇಟ್ಕೊಂಡು ನೀರು, ಸಕ್ಕರೆ, ಸುದ್ದಿ ದಾಟಿಸ್ತವೆ. ಈ ಮುರಿದ ರೆಂಬೆ ಕೂಡಿಸ್ತೀನಿ, ಸ್ವಲ್ಪ ಹಿಡ್ಕೋ.”

ಬೇಡ ಎನ್ನುವುದು ವಾರಿಜಾಳಿಗೆ ಬಾರದ ವಿದ್ಯೆ. ಕುಂಡದ ಕರಿಬೇವನ್ನು ಹಿಡಿದಳು. ಚಟ್ ಎಂದಿತು. ರೆಂಬೆ ಕೂಡಿತು. ಜೊತೆಗೆ ಅವಳ ತೋರುಬೆರಳೂ ಕೂಡಿತು.

“ಬಿಡಿಸಿ ಚಿಕ್ಕಪ್ಪ.”

“ಬಿಡಿಸೋದಾ? ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದೀನಿ.”

ಅಷ್ಟರಲ್ಲಿ ಚಿಕ್ಕಮ್ಮ ಬಂದು, ತಲೆಯೆತ್ತದೆ, ಉಪ್ಪಿಟ್ಟಿಗೆಂದು ಒಂದು ಎಸಳು ಕಿತ್ತುಕೊಂಡು ಹೋದರು. ಯಾರೋ ಕಿವಿ ಹಿಂಡಿದಂತಾಯಿತು ವಾರಿಜಾಳಿಗೆ. ಆಮೇಲೆ ಪಕ್ಕದ ಮನೆಯ ಗೌರಕ್ಕ ಕಾಂಪೌಂಡಿನ ಮೇಲಿಂದ ಕೈ ಚಾಚಿ ಎರಡು ಎಸಳು ಕಿತ್ತರು. ಆ ಬೀದಿಯಲ್ಲಿ ಕರಿಬೇವು ಕೀಳಲು ಯಾರೂ ಯಾರನ್ನೂ ಕೇಳುವ ಪದ್ಧತಿಯಿಲ್ಲ. ವಾರಿಜಾಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತು ಬರಲಿಲ್ಲ. ಹೋದ ವರ್ಷದ ಸಂದರ್ಶನದಲ್ಲೂ ಇದೇ ಕತೆ. ‘ನಿಮ್ಮ ಧ್ವನಿ ಎರಡನೇ ಬೆಂಚಿಗೂ ಮುಟ್ಟಲ್ಲ’ ಎಂದು ವಾಪಸ್ಸು ಕಳಿಸಿದ್ದರು. ಈ ವರ್ಷ ಊರಲ್ಲಿ ಖಾಲಿಯಿದ್ದ ಕೆಲಸ ಇದೊಂದೇ.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಆಟೋ ಹತ್ತಿದಳು.

“ಗಿಡ ಯಾಕಕ್ಕಾ ಹಂಗೆ ನಡುಗ್ತಿದೆ?” ಎಂದ ಡ್ರೈವರು.

“ಗಾಳಿಗೆ,” ಎಂದಳು. ಆಟೋ ಇನ್ನೂ ಸಿಗ್ನಲ್ಲಿನಲ್ಲಿ ನಿಂತಿತ್ತು. ಅವಳ ಎದೆಯ ಡವಡವ ಎಲೆಯೆಲೆಗೂ ತಲುಪುತ್ತಿತ್ತು. ಇಳಿಯುವಾಗ ಅವನೂ ಒಂದು ಎಸಳು ಕಿತ್ತು ಜೇಬಿಗೆ ಹಾಕಿಕೊಂಡ. ಕಾಲೇಜಿನ ಮೆಟ್ಟಿಲ ಮೇಲೆ ಜವಾನ ಮತ್ತೆರಡು ಕಿತ್ತ. ಒಳಗೆ ಹೋಗುವಾಗ ಗಿಡದಲ್ಲಿ ಉಳಿದದ್ದು ಒಂದೇ ಎಸಳು. ವಾರಿಜಾಳಿಗೆ ತಲೆ ಸುತ್ತುತ್ತಿತ್ತು.

“ಪ್ರಾಣಿ ಕೋಶ, ಸಸ್ಯ ಕೋಶ. ಪಕ್ಕದ ಕೋಶದ ಜೊತೆ ಹೇಗೆ ಸೇರಿಕೊಂಡಿರ್ತವೆ, ಹೇಳಿ,” ಎಂದರು ಪ್ರಿನ್ಸಿಪಾಲ್ ಮೇಡಂ.

ತುಟಿ ಅಲ್ಲಾಡಿತು.

“ಕೇಳಿಸ್ತಿಲ್ಲ ಕಣಮ್ಮ,” ಎನ್ನುತ್ತಲೇ, ಮಧ್ಯಾಹ್ನದ ಸಾರು ನೆನಪಾಗಿ, ಮೇಡಂ ಆ ಕೊನೆಯ ಎಸಳಿಗೆ ಕೈ ಹಾಕಿದರು.

“ಮುಟ್ಟಬೇಡಿ ಮೇಡಂ!”

ವರಾಂಡದಲ್ಲಿ ಜವಾನನ ಕೈಯಿಂದ ಟೀ ಲೋಟ ಬಿತ್ತು. ಒಮ್ಮೆ ತೆರೆದ ವಾರಿಜಾಳ ಬಾಯಿ ಇನ್ನು ಮುಚ್ಚಲಿಲ್ಲ. ಹೊಲಿಗೆ, ಪ್ರೆಸ್ ಬಟನ್ನು, ಕೊಳವೆ, ಗೋಡೆಯ ತೂತು ಎಲ್ಲವನ್ನೂ ವಾರಿಜಾ ಒಂದೇ ಉಸಿರಿಗೆ ಹೇಳಿ, ಸಾಕ್ಷಿಗೆ ಬೆರಳು ಎತ್ತಿ ತೋರಿಸಿದಳು. ಕುಂಡವೂ ಮೇಲೆದ್ದಿತು. ಮೇಡಂ ಮೆಲ್ಲನೆ ಕೈ ಹಿಂದೆಗೆದುಕೊಂಡು ಹಾಳೆಯಲ್ಲಿ ಬರೆದರು: ‘ಧ್ವನಿ: ಕೊನೆಯ ಬೆಂಚಿನವರೆಗೆ. ಸೋಮವಾರದಿಂದ ಬರಬಹುದು.’

ಮನೆಯಲ್ಲಿ ಚಿಕ್ಕಪ್ಪ ಬ್ಯಾಟು ಹಿಡಿದು ಕಾಯುತ್ತಿದ್ದರು. ಚಿಕ್ಕಮ್ಮನ ಕಣ್ಣು ನೇರ ಗಿಡದ ಮೇಲೆ.

“ಕೆಲಸ ಆಯ್ತಾ? ಒಳ್ಳೇದಾಯ್ತು. ಸಾರಿಗೆ ಎರಡು ಎಲೆ...”

ವಾರಿಜಾ ಅವರನ್ನೇ ನೋಡಿದಳು.

“ಆಯ್ತು ಬಿಡು. ಇವತ್ತು ಕೊತ್ತಂಬರಿ ಹಾಕ್ತೀನಿ,” ಎಂದರು ಚಿಕ್ಕಮ್ಮ.